ಅಭಿಮಾನಿ ತಾಣದ ಖರ್ಚು ಯಾರು ಕೊಡಬೇಕು?

ಕುರುಡುಮಲೆಯ ವಿದ್ಯಾರ್ಥಿಗೆ,

ನಿಮ್ಮೂರ ಸೋಮೇಶ್ವರ ದೇವಸ್ಥಾನವನ್ನು ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟಿ, ಆಟದ ಕೈಪಿಡಿಯನ್ನು ಕನ್ನಡದಲ್ಲಿ ಬರೆದು ನಿಮ್ಮ ತಾಣದಲ್ಲಿ ಹಾಕುತ್ತಿದ್ದೀರಿ. ನಿಮ್ಮ ಪತ್ರ ಓದಿ ಹೆಮ್ಮೆಯಾಯಿತು. ಹೋಸ್ಟಿಂಗ್ ದುಡ್ಡನ್ನು ಅಪ್ಪನ ಹತ್ತಿರ ಕೇಳಲು ಸಂಕೋಚ ಅಂದಿದ್ದೀರಿ.

ಇಂಥ ತಾಣಗಳು ನಡೆಯುವುದು ಹೆಚ್ಚಾಗಿ ಜಾಹೀರಾತು, ದೇಣಿಗೆ, ಸದಸ್ಯತ್ವದಿಂದ. ಮಾಡ್‌ಗಳನ್ನು (ಆಟಕ್ಕೆ ಅಭಿಮಾನಿಗಳು ಮಾಡುವ ಬದಲಾವಣೆಗಳು) ಹಂಚುವ ನೆಕ್ಸಸ್ ಮಾಡ್ಸ್ ಜಾಹೀರಾತಿನ ಜೊತೆಗೆ ಪ್ರೀಮಿಯಂ ಸದಸ್ಯತ್ವ ಮಾರುತ್ತದೆ. ರೂನ್‌ಸ್ಕೇಪ್ ಆಟದ ವಿಕಿ 2018ರಲ್ಲಿ ಜಾಹೀರಾತು ತುಂಬಿದ ವಿಕಿ ಹೋಸ್ಟಿಂಗ್ ತಾಣ ಫ್ಯಾಂಡಮ್ ಬಿಟ್ಟು ಹೊರಬಂತು. ಅದರ ಬೆನ್ನಿಗೆ ನಿಂತದ್ದು ಆಟದ ಕಂಪನಿ ಜ್ಯಾಗೆಕ್ಸ್. ನಿಮ್ಮಂಥ ಸಣ್ಣ ತಾಣ ಗೂಗಲ್‌ನ ಜಾಹೀರಾತು ಸೇವೆ ಆಡ್‌ಸೆನ್ಸ್ ನೆಚ್ಚಿ ಕೂರಬಾರದು. 100 ಡಾಲರ್ ಸೇರುವವರೆಗೆ ದುಡ್ಡು ಕೈಗೆ ಬರುವುದಿಲ್ಲ. ದೇಣಿಗೆಗೆ ಯುಪಿಐ ಕ್ಯುಆರ್ ಹಾಕಿ (ಫೋನ್ ನಂಬರ್ ಕಾಣದ ಐಡಿ ಮಾಡಿಕೊಳ್ಳಿ), ಖರ್ಚಿನ ಲೆಕ್ಕವನ್ನು ಪಕ್ಕದಲ್ಲೇ ಬರೆಯಿರಿ. ಮುಂದೆ ಮಾಡ್‌ಗಳನ್ನು ಮಾಡಿದರೂ ಅವಕ್ಕೆ ಬೆಲೆ ಕಟ್ಟಬೇಡಿ, ಮೈನ್‌ಕ್ರಾಫ್ಟ್‌ನ ಒಪ್ಪಂದ ಅದಕ್ಕೆ ಬಿಡುವುದಿಲ್ಲ.

ರಮ್ಮಿ ಆ್ಯಪ್‌ನವರು ತಿಂಗಳಿಗಿಷ್ಟು ಕೊಡುತ್ತೇವೆ ಅಂದಿದ್ದಾರಲ್ಲ, ಅದನ್ನು ಮಾತ್ರ ಒಪ್ಪಲೇಬೇಡಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಹಣ ಕಟ್ಟಿ ಆಡುವ ಆಟಗಳ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ತಾಣ ಓದುವವರು ಮುಳಬಾಗಿಲಿನ ಶಾಲೆ ಮಕ್ಕಳು. ಇವತ್ತೇ ಬೇಡ ಅಂತ ಬರೆದು ಕಳಿಸಿ.