ವ್ರತಧಾರಿಗಳು ಅರಿಯಬೇಕಾದ ಥೈರಾಯ್ಡ್ ಪರೀಕ್ಷೆ

ಭಾದ್ರಪದ ಶುಕ್ಲ ಪಂಚಮಿಯಂದು ಆರಂಭವಾಗುವ ದಶಲಕ್ಷಣ ಪರ್ವವು ಅನಂತ ಚತುರ್ದಶಿಯಂದು ಸಮಾಪ್ತವಾಗುತ್ತದೆ. ಈ ದಿನಗಳಲ್ಲಿ ಏಕಾಶನ ಮಾಡುವವರು, ದಿನ ಬಿಟ್ಟು ದಿನ ಉಪವಾಸ ಕೈಕೊಳ್ಳುವವರು, ಹತ್ತು ದಿನವೂ ನಿರಾಹಾರರಾಗಿರುವವರು ಶ್ರಾವಕ ಸಮಾಜದಲ್ಲಿ ಇದ್ದೇ ಇದ್ದಾರೆ. ವ್ರತದ ನಡುವೆ ಮೈ ತಣ್ಣಗಾಗುವುದು, ಮಾತು ನಿಧಾನವಾಗುವುದು, ಎದ್ದು ನಿಲ್ಲಲು ಬೇಸರವೆನಿಸುವುದು ಸಹಜ. ಮನೆಯವರು ಅದನ್ನು ಉಪವಾಸದ ಆಯಾಸವೆನ್ನುತ್ತಾರೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಪಾರಣೆಯಾಗಿ ತಿಂಗಳು ಕಳೆದರೂ ಅದೇ ಆಯಾಸ ಉಳಿದರೆ, ಮಿತಾಹಾರದಲ್ಲಿದ್ದರೂ ತೂಕ ಏರಿದರೆ, ಕೂದಲು ಉದುರಿ, ಚರ್ಮ ಒಣಗಿ, ಮಲಬದ್ಧತೆ ಕಾಡಿದರೆ, ಸ್ತ್ರೀಯರಲ್ಲಿ ಮಾಸಿಕ ಸ್ರಾವ ಹೆಚ್ಚಾದರೆ, ದೋಷವನ್ನು ವ್ರತದ ಮೇಲೆ ಹೊರಿಸುವುದು ಸರಿಯಲ್ಲ. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯ ಕಡೆಗೆ ಆಗ ಗಮನ ಹರಿಯಬೇಕು. ಬೆಂಗಳೂರು, ಹೈದರಾಬಾದುಗಳೂ ಸೇರಿದಂತೆ ಭಾರತದ ಎಂಟು ನಗರಗಳ ವಯಸ್ಕರಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರರಲ್ಲಿ ಸುಮಾರು 11 ಮಂದಿಗೆ ಈ ಗ್ರಂಥಿಯ ಸ್ರಾವ ಕೊರತೆ ಕಂಡುಬಂದಿತು. ಅವರಲ್ಲಿ ಸ್ತ್ರೀಯರೇ ಹೆಚ್ಚು.

ಕೊಡ್ಲಿಯಂಥ ಊರಿನ ಒಬ್ಬ ಶ್ರಾವಿಕೆಯನ್ನು ಕಲ್ಪಿಸಿಕೊಳ್ಳಬಹುದು. ಆಕೆಗೆ ಎರಡು ವರ್ಷಗಳಿಂದ ಥೈರಾಯ್ಡ್ ಗುಳಿಗೆ ನಡೆದಿದೆ. ಪರ್ವದ ಹತ್ತು ದಿನ ಗುಳಿಗೆಯೂ ಬೇಡವೆಂದು ಆಕೆ ತಾನಾಗಿಯೇ ನಿಶ್ಚಯಿಸುತ್ತಾಳೆ. ಹತ್ತು ದಿನ ಏನೂ ಆಗುವುದಿಲ್ಲ. ಗುಳಿಗೆಯಿಲ್ಲದೆಯೇ ದೇಹ ನಡೆಯಿತೆಂದು ನಂಬಿ, ಪಾರಣೆಯ ನಂತರವೂ ಅದನ್ನು ಮುಟ್ಟುವುದಿಲ್ಲ. ಮಹಾವೀರ ನಿರ್ವಾಣೋತ್ಸವದ ವೇಳೆಗೆ ಮುಖ ಊದಿ, ಜೋಳದ ರೊಟ್ಟಿ ಬಡಿಯಲೂ ಕೈ ಏಳದಂತಾಗಿರುತ್ತದೆ. ಇಲ್ಲಿ ಆಕೆಯ ಶ್ರದ್ಧೆಯಲ್ಲಿ ಕೊರತೆಯಿಲ್ಲ. ಔಷಧದ ಸ್ವಭಾವ ತಿಳಿಯದಿರುವುದೇ ಕೊರತೆ. ಲೆವೊಥೈರಾಕ್ಸಿನ್ ಎಂಬ ಈ ಗುಳಿಗೆಯ ಸತ್ತ್ವವು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಎರಡು ವಾರಕ್ಕೆ ಕಾಲು ಭಾಗ ಉಳಿದಿರುತ್ತದೆ. ಆದುದರಿಂದ ಬಿಟ್ಟ ದಿನ ತೋರದ ದೋಷವು ಬಿಟ್ಟು ತಿಂಗಳಾದ ಮೇಲೆ ತೋರುತ್ತದೆ.

ಈಗ ಪರೀಕ್ಷೆಯ ಚೀಟಿಯ ವಿಚಾರ. ಅದರಲ್ಲಿ ಮುಖ್ಯವಾಗಿ ಮೂರು ಹೆಸರುಗಳಿರುತ್ತವೆ: ಟಿ-3, ಟಿ-4 ಮತ್ತು ಟಿ.ಎಸ್.ಎಚ್. ಮೊದಲಿನವೆರಡೂ ಥೈರಾಯ್ಡ್ ಗ್ರಂಥಿಯು ಸ್ರವಿಸುವ ರಸಗಳು. ಮೂರನೆಯದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡಿಗೆ ಕಳುಹಿಸುವ ಆಜ್ಞೆ. ಎತ್ತು ಹಿಂಜರಿದಷ್ಟೂ ನೇಗಿಲು ಹಿಡಿದವನ ಕೂಗು ಜೋರಾಗುವಂತೆ, ಥೈರಾಯ್ಡ್ ಸೋತಷ್ಟೂ ಟಿ.ಎಸ್.ಎಚ್. ಏರುತ್ತದೆ. ಅಂಕಿ ಹೆಚ್ಚಾಗಿದ್ದರೆ ಥೈರಾಯ್ಡ್ ಹೆಚ್ಚಾಗಿದೆಯೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಅರ್ಥ ಅದಕ್ಕೆ ತದ್ವಿರುದ್ಧವಾದುದು. ವಯಸ್ಕರಲ್ಲಿ ಟಿ.ಎಸ್.ಎಚ್. ಸುಮಾರು 0.4ರಿಂದ 4.5ರವರೆಗೆ ಇರುವುದು ಸಾಧಾರಣ. ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಈ ಮಿತಿ ಸ್ವಲ್ಪ ವ್ಯತ್ಯಾಸವಾಗುವುದರಿಂದ ಆಯಾ ಚೀಟಿಯಲ್ಲಿ ಪಕ್ಕಕ್ಕೆ ಮುದ್ರಿಸಿದ ಮಿತಿಯನ್ನೇ ನೋಡತಕ್ಕದ್ದು.

ಟಿ.ಎಸ್.ಎಚ್. ಏರಿ, ಟಿ-4 ಇಳಿದಿದ್ದರೆ ರೋಗ ಸ್ಪಷ್ಟ, ಚಿಕಿತ್ಸೆ ಬೇಕು. ಟಿ.ಎಸ್.ಎಚ್. 10ಕ್ಕಿಂತ ಮೇಲಿದ್ದರೆ ಟಿ-4 ಸರಿಯಿದ್ದರೂ ವೈದ್ಯರು ಸಾಮಾನ್ಯವಾಗಿ ಗುಳಿಗೆ ಆರಂಭಿಸುತ್ತಾರೆ. ತೊಡಕಿರುವುದು ನಡುವಿನವರಲ್ಲಿ. ಟಿ.ಎಸ್.ಎಚ್. ಆರೋ ಏಳೋ ಇದ್ದು ಟಿ-4 ಸರಿಯಾಗಿದ್ದರೆ ಅಂದೇ ಆಜೀವ ಔಷಧಕ್ಕೆ ಒಳಗಾಗಬೇಕಿಲ್ಲ. ಹಾಗೆಂದು ಚೀಟಿಯನ್ನು ಎಸೆಯಲೂಬಾರದು. ಎರಡು ಮೂರು ತಿಂಗಳ ಮೇಲೆ ಮತ್ತೊಮ್ಮೆ ಪರೀಕ್ಷಿಸಿ, ಟಿ.ಪಿ.ಓ. ಪ್ರತಿಕಾಯಗಳನ್ನೂ ನೋಡಿ ನಿರ್ಣಯಿಸುವುದು ಕ್ರಮ. ಎಪ್ಪತ್ತು ದಾಟಿದ ವೃದ್ಧರಲ್ಲಿ ಈ ಅಂಕಿ ತುಸು ಹೆಚ್ಚಿರುವುದು ವಯೋಧರ್ಮ. ಗರ್ಭಿಣಿಯರ ಮಿತಿಯೇ ಬೇರೆ. ಮೊದಲೇ ಗುಳಿಗೆ ಸೇವಿಸುವ ಸ್ತ್ರೀಯು ಗರ್ಭ ನಿಂತಿತೆಂದು ತಿಳಿದ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಪ್ರಮಾಣವನ್ನು ಸಾಮಾನ್ಯವಾಗಿ ಕಾಲುಭಾಗಕ್ಕೂ ಮೇಲ್ಪಟ್ಟು ಏರಿಸಬೇಕಾಗುತ್ತದೆ. ಹೊಟ್ಟೆಯೊಳಗಿನ ಶಿಶುವಿನ ಮಿದುಳು ಮೊದಲ ತಿಂಗಳುಗಳಲ್ಲಿ ತಾಯಿಯ ಸ್ರಾವವನ್ನೇ ನಂಬಿರುತ್ತದೆ. ಆ ಅವಧಿಯಲ್ಲಿ ಗುಳಿಗೆ ಬಿಟ್ಟು ವ್ರತ ಮಾಡುವುದು ಎರಡು ಜೀವಗಳ ವಿಷಯವಾಗುತ್ತದೆ.

ಉಪವಾಸವು ಚೀಟಿಯ ಅಂಕಿಗಳನ್ನೂ ಬದಲಿಸುತ್ತದೆಂಬುದನ್ನು ವ್ರತಧಾರಿಗಳು ವಿಶೇಷವಾಗಿ ನೆನಪಿಡಬೇಕು. ಆಹಾರ ನಿಂತ ಒಂದೆರಡು ದಿನಗಳಲ್ಲಿಯೇ ಟಿ-3 ಇಳಿಯತೊಡಗುತ್ತದೆ. ಎಣ್ಣೆ ಕಡಿಮೆಯಾದಾಗ ದೀಪದ ಬತ್ತಿಯನ್ನು ತಗ್ಗಿಸುವಂತೆ ದೇಹವು ತನ್ನ ವ್ಯಯವನ್ನು ತಗ್ಗಿಸಿಕೊಳ್ಳುವ ಉಪಾಯವದು, ರೋಗವಲ್ಲ. ಟಿ.ಎಸ್.ಎಚ್. ಕೂಡ ಆಗ ಸರಿಯಾದ ಸಂಗತಿಯನ್ನು ಹೇಳದಿರಬಹುದು. ದೀರ್ಘ ಉಪವಾಸದ ಮಧ್ಯದಲ್ಲಾಗಲಿ, ಪಾರಣೆಯ ಮರುದಿನವಾಗಲಿ ರಕ್ತ ಕೊಟ್ಟು ಬಂದ ಅಂಕಿಯನ್ನು ನೋಡಿ ಹೆದರುವುದೂ ಔಷಧ ಬದಲಿಸುವುದೂ ಸಲ್ಲದು. ಪ್ರತಿ ಸಲವೂ ಬೆಳಗಿನ ಒಂದೇ ವೇಳೆಯಲ್ಲಿ ರಕ್ತ ಕೊಡುವುದು ಲೇಸು, ಟಿ.ಎಸ್.ಎಚ್. ರಾತ್ರಿ ಮತ್ತು ನಸುಕಿನಲ್ಲಿ ಏರಿ ಹಗಲಿನಲ್ಲಿ ಇಳಿಯುತ್ತದೆ. ಅಂದಿನ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆ ಸೇವಿಸಬೇಕು. ಕೂದಲಿನ ಪೋಷಣೆಗೆಂದು ಬಯೋಟಿನ್ ಇರುವ ಮಾತ್ರೆ ನುಂಗುವವರು ಅದನ್ನು ಕೆಲವು ದಿನ ಮುಂಚೆ ನಿಲ್ಲಿಸದಿದ್ದರೆ ಕೆಲವು ಯಂತ್ರಗಳು ಸುಳ್ಳು ಅಂಕಿ ಕೊಡುತ್ತವೆ.

ಗುಳಿಗೆಯ ಮೂಲದ ಬಗ್ಗೆ ಅಹಿಂಸಾವ್ರತಿಗಳಿಗೆ ಸಂದೇಹವಿರುವುದು ನ್ಯಾಯವೇ. 1891ರಲ್ಲಿ ಇಂಗ್ಲೆಂಡಿನಲ್ಲಿ ಈ ಚಿಕಿತ್ಸೆ ಆರಂಭವಾದದ್ದು ಕುರಿಯ ಗ್ರಂಥಿಯ ಸತ್ತ್ವದಿಂದ. 1914ರಲ್ಲಿ ಅಮೆರಿಕದ ಕೆಂಡಾಲ್ ಥೈರಾಕ್ಸಿನ್ನನ್ನು ಬೇರ್ಪಡಿಸಿದ್ದೂ ಪ್ರಾಣಿಗ್ರಂಥಿಗಳಿಂದಲೇ. ಕೆಲವು ಗ್ರಾಮುಗಳಿಗಾಗಿ ಟನ್ನುಗಟ್ಟಲೆ ಹಂದಿಯ ಗ್ರಂಥಿಗಳು ಬೇಕಾದವು. 1927ರ ಹೊತ್ತಿಗೆ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ರಸಾಯನಶಾಲೆಯಲ್ಲಿ ನಿರ್ಮಿಸಿ ತೋರಿಸಿದರು. ಇಂದಿನ ಲೆವೊಥೈರಾಕ್ಸಿನ್ ಹೀಗೆ ಕೃತಕವಾಗಿ ತಯಾರಾಗುವ ವಸ್ತು, ಅದರಲ್ಲಿ ಪ್ರಾಣಿಗ್ರಂಥಿಯಿಲ್ಲ. ಒಣಗಿಸಿದ ಹಂದಿಯ ಗ್ರಂಥಿಯ ಔಷಧವು ಕೆಲವು ದೇಶಗಳಲ್ಲಿ ಇಂದಿಗೂ ಮಾರಾಟವಾಗುವುದರಿಂದ ವಿದೇಶದಲ್ಲಿರುವ ಮಕ್ಕಳು ಕಳುಹಿಸಿದ ಔಷಧದ ಹೆಸರನ್ನು ಓದಿ ನೋಡಬೇಕು. ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಜೆಲಾಟಿನ್ನಿನದು. ಗುಳಿಗೆಯನ್ನೇ ಕೇಳಿ ಪಡೆಯಬಹುದು.

ಔಷಧ ಸೇವನೆಯೇ ವ್ರತಕ್ಕೆ ವಿರೋಧವೆಂಬ ಭಾವನೆಗೆ ಜೈನ ಪರಂಪರೆಯಲ್ಲಿ ಆಧಾರವಿಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ನೃಪತುಂಗನ ಆಸ್ಥಾನದಲ್ಲಿ ಮಾಂಸಾಹಾರದ ನಿಷ್ಪ್ರಯೋಜಕತೆಯನ್ನು ಪ್ರತಿಪಾದಿಸಿದರೆಂದು ಆ ಗ್ರಂಥವೇ ತಿಳಿಸುತ್ತದೆ. ಆ ನೃಪತುಂಗನ ರಾಜಧಾನಿ ಮಾನ್ಯಖೇಟವು ಕೊಡ್ಲಿಯ ಜನರಿಗೆ ದೂರದ ಊರಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ಅದು. ತತ್ತ್ವಾರ್ಥಸೂತ್ರವು ಷೋಡಶಕಾರಣ ಭಾವನೆಗಳನ್ನು ಹೇಳುವಾಗ ತ್ಯಾಗ, ತಪಸ್ಸುಗಳಿಗೆ ‘ಶಕ್ತಿತಃ’ ಎಂಬ ವಿಶೇಷಣವನ್ನು ಇಟ್ಟಿದೆ. ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ ಎಂಬುದು ಅದರ ಭಾವ.

ಗುಳಿಗೆಯ ವಿಧಿ ಸರಳ. ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ಸೇವಿಸಿ, ಅರ್ಧದಿಂದ ಒಂದು ಗಂಟೆಯವರೆಗೆ ಹಾಲು, ಚಹಾ, ಆಹಾರ ಏನನ್ನೂ ತೆಗೆದುಕೊಳ್ಳಬಾರದು. ಕಬ್ಬಿಣ ಹಾಗೂ ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಬೇಕು. ಸೂರ್ಯೋದಯದ ಎರಡು ಘಳಿಗೆಯ ನಂತರವೇ ನೀರು ಮುಟ್ಟುವವರು ಆಗ ಪ್ರಾಸುಕ ಜಲದೊಂದಿಗೆ ಗುಳಿಗೆ ಸೇವಿಸಿದರೆ ಯಾವ ತೊಡಕೂ ಇಲ್ಲ. ರಾತ್ರಿ ಮಲಗುವ ಮುನ್ನ ಸೇವಿಸುವ ಕ್ರಮವೂ ವೈದ್ಯರಲ್ಲಿ ಉಂಟು. ರಾತ್ರಿಭೋಜನ ತ್ಯಾಗಿಗಳು ತಮ್ಮ ನಿಯಮವನ್ನು ಮೊದಲೇ ತಿಳಿಸಿದರೆ ಅವರು ಬೆಳಗಿನ ವೇಳೆಯನ್ನೇ ಗೊತ್ತುಮಾಡುತ್ತಾರೆ. ದಿನಕ್ಕೊಮ್ಮೆ ಮಾತ್ರ ಅನ್ನ-ನೀರು ಸ್ವೀಕರಿಸುವ ಏಕಾಶನದವರಿಗೂ ವೈದ್ಯರು ವೇಳೆ ಹೊಂದಿಸಿ, ಪ್ರಮಾಣ ತಿದ್ದಿಕೊಡಬಲ್ಲರು. ಅಷ್ಟಮಿ, ಚತುರ್ದಶಿಯ ಒಂದು ದಿನದ ನಿರ್ಜಲ ಉಪವಾಸದಲ್ಲಿ ಒಂದು ಗುಳಿಗೆ ತಪ್ಪಿದರೆ ಮೇಲೆ ಹೇಳಿದ ಕಾರಣದಿಂದ ಭಯವಿಲ್ಲ. ಆದರೆ ತಪ್ಪಿದ್ದನ್ನು ಸರಿದೂಗಿಸಲು ಎರಡನ್ನು ಒಮ್ಮೆಲೇ ನುಂಗುವುದು ಹೃದ್ರೋಗಿಗಳಿಗೂ ವೃದ್ಧರಿಗೂ ಅಪಾಯಕರ. ಹತ್ತು ದಿನಗಳ ಮಾತು ಬೇರೆ. ಅಲ್ಲಿ ಬಿಡುವಂತೆಯೇ ಇಲ್ಲ. ಟಿ.ಎಸ್.ಎಚ್. ತೀರ ಕೆಳಗಿಳಿದು, ಎದೆ ಹೊಡೆದುಕೊಂಡು, ಕೈ ನಡುಗಿ, ತೂಕ ಇಳಿಯುವ ಅತಿಸ್ರಾವ ರೋಗವಿರುವವರು, ರೋಗ ಹತೋಟಿಗೆ ಬರುವವರೆಗೆ ದೀರ್ಘ ಉಪವಾಸಕ್ಕೆ ಇಳಿಯದಿರುವುದೇ ಉಚಿತ. ಅವರ ತೂಕ ಕರಗುವುದನ್ನು ತಪಸ್ಸಿನ ಫಲವೆಂದು ಮನೆಯವರು ಭ್ರಮಿಸುವುದುಂಟು.

ಉಪ್ಪಿನ ಬಗ್ಗೆ ಒಂದು ಮಾತು. ಭಾನುವಾರ ಉಪ್ಪು ಬಿಡುವ ರಸತ್ಯಾಗದಿಂದ ಥೈರಾಯ್ಡಿಗೆ ಹಾನಿಯಿಲ್ಲ. ವರ್ಷಪೂರ್ತಿ ಸೈಂಧವ ಲವಣವನ್ನೇ ಬಳಸುವ ಮನೆಗಳು ಮಾತ್ರ ಯೋಚಿಸಬೇಕು. ಅಯೋಡಿನ್ ಬೆರೆಸದ ಸೈಂಧವದಲ್ಲಿ ಅದು ಸಾಲುವಷ್ಟಿರುವುದಿಲ್ಲ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಗೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಮೀನು, ಮೊಟ್ಟೆಗಳಿಲ್ಲದ ಅಡಿಗೆಯಲ್ಲಿ ಅದು ದೊರೆಯುವುದು ಮುಖ್ಯವಾಗಿ ಅಯೋಡಿನ್‌ಯುಕ್ತ ಉಪ್ಪಿನಿಂದ, ಸ್ವಲ್ಪಮಟ್ಟಿಗೆ ಹಾಲಿನಿಂದ. ಗಳಗಂಡ ನಿಯಂತ್ರಣಕ್ಕಾಗಿ 1962ರಲ್ಲಿಯೇ ರಾಷ್ಟ್ರೀಯ ಯೋಜನೆ ಆರಂಭವಾದದ್ದು ಈ ಕೊರತೆಯ ನಿವಾರಣೆಗಾಗಿ. ಆದರೆ ಗ್ರಂಥಿ ಒಮ್ಮೆ ಸೋತ ಮೇಲೆ ಹೆಚ್ಚು ಅಯೋಡಿನ್ ತಿಂದು ಗುಳಿಗೆ ಬಿಡುವೆನೆಂಬುದು ಆಗದ ಮಾತು.

ಪರ್ವದಲ್ಲಿ ವ್ರತ ಕೈಕೊಳ್ಳಬೇಕೆಂದಿರುವ ಥೈರಾಯ್ಡ್ ರೋಗಿಗಳು ಆಷಾಢದಲ್ಲಿಯೇ ರಕ್ತ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಪ್ರಮಾಣ ಬದಲಾದರೆ ಅದರ ಪರಿಣಾಮ ಟಿ.ಎಸ್.ಎಚ್.ನಲ್ಲಿ ನೆಲೆನಿಲ್ಲಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಭಾದ್ರಪದಕ್ಕೆ ಅಷ್ಟು ಅವಧಿ ಸಿಗುತ್ತದೆ. ಪರ್ವದ ನಂತರದ ಪರೀಕ್ಷೆಗೂ ಪಂಚಾಂಗವೇ ಗುರುತು: ಅನಂತ ಚತುರ್ದಶಿಯಿಂದ ನಿರ್ವಾಣೋತ್ಸವದ ಅಮಾವಾಸ್ಯೆಗೆ ಆರು ವಾರಗಳ ಮೇಲಾಗುತ್ತದೆ. ವ್ರತವನ್ನು ಸ್ವೀಕರಿಸುವಾಗ ಮುನಿಗಳ ಅಥವಾ ಭಟ್ಟಾರಕರ ಸನ್ನಿಧಿಯಲ್ಲಿ ರೋಗವನ್ನೂ ಗುಳಿಗೆಯ ವೇಳೆಯನ್ನೂ ಮುಚ್ಚಿಡದೆ ನಿವೇದಿಸಿ, ಔಷಧ ಮತ್ತು ಅದರೊಂದಿಗಿನ ನೀರನ್ನು ಬಿಟ್ಟು ಉಳಿದುದರ ತ್ಯಾಗವೆಂದು ನಿಯಮ ಪಡೆಯಬಹುದು. ಹಾಗೆ ಪಡೆದ ನಿಯಮದಲ್ಲಿ ಗುಳಿಗೆ ನುಂಗಿದ್ದರಿಂದ ವ್ರತಭಂಗದ ಪ್ರಶ್ನೆ ಏಳುವುದಿಲ್ಲ.