ಮೊದಲು ಆಕ್ಷೇಪಣೆ, ಆಮೇಲೆ ಅರ್ಜಿ

ಸರ್ಕಾರಿ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಸಾರ್, ರೂಲ್ಸ್ ಬದಲಾಯಿಸಿಬಿಟ್ಟಿದ್ದಾರೆ, ಆರ್‌ಟಿಐ ಹಾಕೋಣವಾ?" ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಕಡತಗಳ ನಡುವೆಯೇ ಕೂದಲು ಹಣ್ಣಾದವನು ಹೇಳುತ್ತೇನೆ ಕೇಳಿ, ನೀವು ಬಸ್ಸು ಹೊರಟ ಮೇಲೆ ನಿಲ್ದಾಣಕ್ಕೆ ಬರುತ್ತಿದ್ದೀರಿ.

ನಮ್ಮ ರಾಜ್ಯದಲ್ಲಿ ವೃಂದ ಮತ್ತು ನೇಮಕಾತಿ ನಿಯಮಗಳನ್ನು ಮಾಡುವುದು 1978ರ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮದ ಅಡಿಯಲ್ಲಿ. ಅದರ 3ನೇ ಪ್ರಕರಣದಂತೆ ಮೊದಲು ಕರಡು ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಆಕ್ಷೇಪಣೆ, ಸಲಹೆಗಳಿಗೆ ಸಾಮಾನ್ಯವಾಗಿ ಕೊಡುವುದು 15 ದಿನ. ಆ ಕರಡಿನಲ್ಲಿ ಯಾವ ಹುದ್ದೆಗೆ ಯಾವ ಪದವಿ, ನೇರ ನೇಮಕಾತಿಗೆ ಎಷ್ಟು ಪಾಲು, ಬಡ್ತಿಗೆ ಎಷ್ಟು, ಎಲ್ಲವೂ ಇರುತ್ತದೆ. ನೀವು ಆ ಹದಿನೈದು ದಿನ ಪ್ರಚಲಿತ ವಿದ್ಯಮಾನ ಬಾಯಿಪಾಠ ಮಾಡುತ್ತಿರುತ್ತೀರಿ; ನಿಮ್ಮದೇ ವಿದ್ಯಮಾನ ರಾಜ್ಯಪತ್ರದಲ್ಲಿ ಬಂದು ಹೋಗಿರುತ್ತದೆ.

ಅಂತಿಮ ಅಧಿಸೂಚನೆಯ ಪೀಠಿಕೆಯನ್ನು ಒಮ್ಮೆ ಓದಿ ನೋಡಿ. ಬಂದ ಆಕ್ಷೇಪಣೆಗಳನ್ನು ಪರಿಗಣಿಸಲಾಗಿದೆ ಎಂದೋ, ಯಾವ ಆಕ್ಷೇಪಣೆಯೂ ಬಂದಿಲ್ಲ ಎಂದೋ ಒಂದು ಮಾತು ಇರುತ್ತದೆ. ಎರಡನೆಯದನ್ನು ಕಂಡಾಗಲೆಲ್ಲ ನನಗೆ ಕಸಿವಿಸಿ. ಇಷ್ಟು ಜನರ ವಿದ್ಯಾರ್ಹತೆಯ ಪ್ರಶ್ನೆ, ಒಬ್ಬರಿಗೂ ಒಂದು ಹಾಳೆ ಬರೆಯಲು ಬಿಡುವಿರಲಿಲ್ಲವೇ? ಅಂತಿಮ ಪ್ರಕಟಣೆಯ ಬಲವೂ ದೊಡ್ಡದು. ಕೇಂದ್ರದ ಕಾಯ್ದೆಗಳಿಗೆ ಅನ್ವಯವಾಗುವ 1897ರ ಜನರಲ್ ಕ್ಲಾಸಸ್ ಆಕ್ಟಿನ 23ನೇ ಪ್ರಕರಣವಂತೂ, ಪೂರ್ವಪ್ರಕಟಣೆಯ ನಂತರ ಮಾಡಿದ ನಿಯಮ ರಾಜ್ಯಪತ್ರದಲ್ಲಿ ಬಂದರೆ ಅದು ಕ್ರಮಬದ್ಧವಾಗಿಯೇ ಆಗಿದೆ ಎನ್ನುವುದಕ್ಕೆ ಅದೇ ನಿರ್ಣಾಯಕ ಸಾಕ್ಷ್ಯ ಎನ್ನುತ್ತದೆ.

ಆಕ್ಷೇಪಣೆಯಲ್ಲಿ ಭಾಷಣ ಬೇಡ. ಕರಡಿನ ಅಧಿಸೂಚನೆ ಸಂಖ್ಯೆ, ದಿನಾಂಕ, ಎಷ್ಟನೇ ನಿಯಮ, ಅದರಲ್ಲಿ ಯಾವ ಪದ ತೆಗೆದು ಯಾವುದನ್ನು ಸೇರಿಸಬೇಕು, ಯಾಕೆ. ಒಂದೇ ಪುಟ ಸಾಕು. "ಯುವಜನರಿಗೆ ಅನ್ಯಾಯ" ಎಂದು ಬರೆದರೆ ವಿಷಯ ನಿರ್ವಾಹಕ ಟಿಪ್ಪಣಿಯಲ್ಲಿ ಏನು ಮಂಡಿಸಬೇಕು ಹೇಳಿ? ಟಪಾಲು ಶಾಖೆಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಇನ್ವರ್ಡ್ ನಂಬರ್ ಬರೆದಿಟ್ಟುಕೊಳ್ಳಿ. ನಿಮ್ಮ ಮುಂದಿನ ಕೆಲಸವೆಲ್ಲ ನಡೆಯುವುದು ಆ ನಂಬರಿನ ಮೇಲೆ.

ಭಾಷೆ ಅಡ್ಡ ಬಂದರೆ ಅದನ್ನೂ ಎತ್ತಿ. 2020ರ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆ ಲಾಕ್‌ಡೌನ್ ನಡುವೆ ಬಂತು. ಎಂಟನೇ ಅನುಸೂಚಿಯ ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿತು. ಜನರಿಗೆ ಸರಿಯಾಗಿ ಮುಟ್ಟಿಸಿಲ್ಲವೆಂದು ನಮ್ಮ ಹೈಕೋರ್ಟ್ ಅಂತಿಮ ಪ್ರಕಟಣೆಗೇ ತಡೆ ಕೊಟ್ಟಿತು.

ಈಗ ನಿಮ್ಮ ಆರ್‌ಟಿಐಗೆ ಬರೋಣ. ಅಂತಿಮ ನಿಯಮ ಬಂದ ಮೇಲೆ, "ನನ್ನ ಆಕ್ಷೇಪಣೆಯನ್ನು ಯಾಕೆ ತಿರಸ್ಕರಿಸಿದಿರಿ?" ಎಂದು ಕೇಳಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆ ಕೊಡಿಸುವುದು ದಾಖಲೆಯನ್ನು, ವಿವರಣೆಯನ್ನಲ್ಲ. ಇರುವ ಮಾಹಿತಿಯನ್ನಷ್ಟೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬದಲಿಗೆ ಹೀಗೆ ಬರೆಯಿರಿ: "ಇಂಥ ಇನ್ವರ್ಡ್ ಸಂಖ್ಯೆಯ ಆಕ್ಷೇಪಣೆಯನ್ನು ಮಂಡಿಸಿರುವ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ." ನಿಮ್ಮ "ಯಾಕೆ"ಗೆ ಉತ್ತರ, ಇದ್ದರೆ, ಆ ಹಾಳೆಯಲ್ಲೇ ಇರುತ್ತದೆ. ಇಲ್ಲದಿದ್ದರೆ, ಪರಿಗಣಿಸಿದ್ದೇವೆ ಎಂಬ ಪೀಠಿಕೆಯ ಮಾತಿಗೆ ಆಧಾರವೇ ಇಲ್ಲವಲ್ಲ! ವಕೀಲರ ಬಳಿ ಹೋಗುವುದಾದರೆ ಕೈಯಲ್ಲಿ ಇರಬೇಕಾದದ್ದು ಇದೇ.

ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಶುಲ್ಕ ಹತ್ತು ರೂಪಾಯಿ. ಯಾಕೆ ಬೇಕೆಂದು ಹೇಳುವ ಅಗತ್ಯವಿಲ್ಲ. 30 ದಿನದೊಳಗೆ ಉತ್ತರ ಬರಬೇಕು. "ಕಡತ ಲಭ್ಯವಿಲ್ಲ" ಎಂಬ ಹಿಂಬರಹ ಬಂದರೆ ಮುಖ ಸಣ್ಣ ಮಾಡಿಕೊಳ್ಳಬೇಡಿ. ಕಾಯ್ದೆಯ 8ನೇ ಪ್ರಕರಣದ ವಿನಾಯಿತಿಗಳಲ್ಲಿ ಅಂಥದ್ದು ಇಲ್ಲ. ಇತರರ ಸ್ವಂತ ವಿವರಗಳಿವೆ ಎಂದರೆ, 10ನೇ ಪ್ರಕರಣದಂತೆ ಅವನ್ನು ಮರೆಮಾಡಿ ಉಳಿದದ್ದನ್ನು ಕೊಡಿ ಎನ್ನಿ. ಮೊದಲ ಮೇಲ್ಮನವಿಗೂ 30 ದಿನದ ಗಡುವಿದೆ. ಅದೇ ಇಲಾಖೆಯ ಹಿರಿಯ ಅಧಿಕಾರಿ ಏನು ಮಾಡಿಯಾರು ಎಂದು ಅದನ್ನು ಬಿಟ್ಟು ನೇರ ಮಾಹಿತಿ ಆಯೋಗಕ್ಕೆ ಓಡುವವರಿದ್ದಾರೆ. ಹಾಗೆ ಮಾಡಬೇಡಿ, ಆಯೋಗದಲ್ಲಿ ಸರದಿ ಬರಲು ಬಹಳ ಕಾಲ ಹಿಡಿಯುತ್ತದೆ.

ಸಾಧ್ಯವಾದರೆ ಪ್ರತಿಗಿಂತ ಮೊದಲು ಕಡತ ಪರಿಶೀಲನೆ ಕೇಳಿ, ಆ ಹಕ್ಕೂ ಕಾಯ್ದೆಯಲ್ಲಿದೆ. ಜೊತೆಗೆ ಪೆನ್ನು, ಬಿಳಿ ಹಾಳೆ ಒಯ್ಯಿರಿ. ಟಿಪ್ಪಣಿ ಭಾಗ ಬೇರೆ, ಪತ್ರವ್ಯವಹಾರದ ಭಾಗ ಬೇರೆ ಇರುತ್ತದೆ. ಎರಡನ್ನೂ ಕೇಳಿ ತೆಗೆಸಿಕೊಳ್ಳಿ. ಪುಟಸಂಖ್ಯೆ ನೋಡುತ್ತಾ ಹೋಗಿ. 14 ಆದ ಮೇಲೆ 17 ಬಂದರೆ ಮಾತಿಗೆ ನಿಲ್ಲಬೇಡಿ, ಅದನ್ನು ಅಲ್ಲೇ ಬರೆದು, ಸಹಿ ಹಾಕಿ, ಮಾಹಿತಿ ಅಧಿಕಾರಿಗೆ ಕೊಟ್ಟು ಬನ್ನಿ.