ಮೀನಿನ ತೊಟ್ಟಿಯ ಗಾಜಿನ ಮೇಲೊಂದು ಗೀರು

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯು ಮರವಂತೆಯಲ್ಲಿ ಎರಡು ನೀರುಗಳ ನಡುವೆ ಸಾಗುತ್ತದೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ. ಇಷ್ಟು ನೀರನ್ನು ದಿನವೂ ಕಂಡು ಬೆಳೆದ ಅಲ್ಲಿಯ ವಿದ್ಯಾರ್ಥಿಯೊಬ್ಬನು, ಒಂದು ತೊಟ್ಟಿಯಷ್ಟು ನೀರಿಗೆ ಅಂಜಿ ನಮ್ಮಲ್ಲಿಗೆ ಬಂದನು. ಅವನು ಮೀನು ಸಾಕಲೆಂದು ಹಳೆಯ ಗಾಜಿನ ತೊಟ್ಟಿಯೊಂದನ್ನು ಕೊಂಡಿದ್ದನು. ಅದರ ಉದ್ದ 90 ಸೆಂ.ಮೀ., ಅಗಲ ಮತ್ತು ಎತ್ತರ 45 ಸೆಂ.ಮೀ., ಗಾಜಿನ ದಪ್ಪ 8 ಮಿ.ಮೀ. ತುಂಬಿದರೆ ಹಿಡಿಯುವ ನೀರು ಸುಮಾರು 180 ಲೀಟರು. ಎದುರಿನ ಗಾಜಿನ ಒಳಮೈಯಲ್ಲಿ ಕೂದಲಿನಂತಹ ಅನೇಕ ಗೀರುಗಳು, ಹೊರಮೈಯ ನಡುವೆ ಆಳವಾದ ಒಂದು ಗೀರು, ಮೇಲಂಚಿನ ಮೂಲೆಯ ಬಳಿ ಚಕ್ಕೆ ಎದ್ದ ಒಂದು ಗುರುತು ಇದ್ದುವು. ತೊಟ್ಟಿಯನ್ನು ಇಡಬೇಕೆಂದಿದ್ದ ಕೋಣೆಯಲ್ಲಿ ರಾತ್ರಿ ಅವನ ಅಜ್ಜಿಯೂ ತಂಗಿಯೂ ಮಲಗುತ್ತಿದ್ದರು. “ಸಾರ್, ಇದು ಒಡೆಯುತ್ತದೆಯೇ?” ಎಂಬುದೇ ಅವನ ಪ್ರಶ್ನೆ.

“ಒಡೆಯಬಹುದು” ಎಂದೋ “ಏನೂ ಆಗದು” ಎಂದೋ ಹೇಳಿ ಕಳುಹಿಸುವುದು ಸುಲಭ. ಆದರೆ ಭೌತಶಾಸ್ತ್ರವನ್ನು ಓದುವವರು ಲೆಕ್ಕ ಹಾಕಿ ನೋಡಬೇಕು.

ನೀರಿನ ನೂಕು

ನೀರಿನ ಒತ್ತಡವು ಆಳವನ್ನು ಅನುಸರಿಸುತ್ತದೆಯೇ ಹೊರತು ಹಿಂದಿರುವ ನೀರಿನ ವಿಸ್ತಾರವನ್ನಲ್ಲ. ಗಾಜಿನ ಹಿಂದೆ ಒಂದು ಗೇಣು ನೀರಿದ್ದರೂ ಒಂದೇ, ಕಡಲೇ ಇದ್ದರೂ ಒಂದೇ. ಕಡಲ ನೀರು ಉಪ್ಪಾದುದರಿಂದ ನೂರಕ್ಕೆ ಎರಡು ಮೂರು ಪಾಲು ಹೆಚ್ಚು ಭಾರ, ಅಷ್ಟೆ. 45 ಸೆಂ.ಮೀ. ಆಳದಲ್ಲಿ ಒತ್ತಡವು ಸುಮಾರು 4,400 ಪಾಸ್ಕಲ್. ಮೇಲ್ಮಟ್ಟದಲ್ಲಿ ಅದು ಸೊನ್ನೆ. ಸರಾಸರಿಯನ್ನು ಹಿಡಿದು ಲೆಕ್ಕ ಮಾಡಿದರೆ, ಎದುರಿನ ಗಾಜನ್ನು ನೀರು ಹೊರಕ್ಕೆ ನೂಕುವ ಒಟ್ಟು ಬಲವು ಸುಮಾರು 90 ಕಿಲೋಗ್ರಾಂ ತೂಕಕ್ಕೆ ಸಮವೆಂದು ತಿಳಿಯುತ್ತದೆ.

ಈ ನೂಕಿನಿಂದ ಗಾಜು ಕಣ್ಣಿಗೆ ಕಾಣದಷ್ಟು ಹೊರಕ್ಕೆ ಬಾಗುತ್ತದೆ. ಬಾಗಿದ ಹಲಗೆಯ ಉಬ್ಬಿದ ಮೈ ಹಿಗ್ಗುತ್ತದೆ, ತಗ್ಗಿದ ಮೈ ಕುಗ್ಗುತ್ತದೆ. ಆದಕಾರಣ ತೊಟ್ಟಿಯ ಗಾಜಿನ ನಡುಭಾಗದಲ್ಲಿ ಹೊರಮೈ ಎಳೆತಕ್ಕೂ ಒಳಮೈ ಅದುಮಿಕೆಗೂ ಒಳಗಾಗಿರುತ್ತದೆ. ಮುಂದಿನ ವಿಚಾರವೆಲ್ಲ ಈ ಒಂದು ಮಾತನ್ನು ಅವಲಂಬಿಸಿದೆ. ಮೇಲಂಚಿಗೆ ಆಧಾರಪಟ್ಟಿಯಿಲ್ಲದ ಇಂತಹ ತೊಟ್ಟಿಯಲ್ಲಿ ಅತ್ಯಧಿಕ ಎಳೆತವು ಸುಮಾರು 45 ಲಕ್ಷ ಪಾಸ್ಕಲ್, ಎಂದರೆ 4.5 ಮೆಗಾಪಾಸ್ಕಲ್, ಎಂದು ಹಲಗೆಗಳ ಬಾಗುವಿಕೆಯ ಗಣಿತದಿಂದ ಸಿದ್ಧವಾಗುತ್ತದೆ. ನೀರಿನ ಒತ್ತಡಕ್ಕಿಂತ ಇದು ಸಾವಿರ ಮಡಿ ಹೆಚ್ಚು! ತೆಳುವಾದ ಹಲಗೆಯು ಅಗಲವಾದ ಹರವಿನ ಮೇಲೆ ಭಾರವನ್ನು ಹೊತ್ತಾಗ ಹೀಗಾಗುವುದು ಸಹಜ.

ಗೀರಿನ ತುದಿಯಲ್ಲಿ ನಡೆಯುವುದೇನು?

ಗಾಜಿನ ಅಣುಬಂಧಗಳ ಬಲವನ್ನು ಮಾತ್ರ ಎಣಿಸಿದರೆ ಅದು ಸಾವಿರಾರು ಮೆಗಾಪಾಸ್ಕಲ್ ಎಳೆತವನ್ನು ತಾಳಬೇಕು. ಕಿಟಕಿಯ ಗಾಜು ಅದರ ನೂರರಲ್ಲೊಂದು ಪಾಲನ್ನೂ ತಾಳುವುದು ಕಷ್ಟ. ಈ ಅಂತರಕ್ಕೆ ಕಾರಣವೇನು? 1913ರಲ್ಲಿ ಇಂಗ್ಲಿಸ್ ಎಂಬ ಇಂಗ್ಲೆಂಡಿನ ಎಂಜಿನಿಯರು, ಹಲಗೆಯಲ್ಲಿ ಸೀಳೊಂದಿದ್ದರೆ ಅದರ ತುದಿಯಲ್ಲಿ ಎಳೆತವು ಎಷ್ಟು ಮಡಿ ಹೆಚ್ಚುತ್ತದೆಂಬುದನ್ನು ಲೆಕ್ಕ ಹಾಕಿದನು. ಸೀಳಿನ ಆಳವನ್ನು ತುದಿಯ ತ್ರಿಜ್ಯದಿಂದ ಭಾಗಿಸಿ, ವರ್ಗಮೂಲ ತೆಗೆದು, ಇಮ್ಮಡಿಸಿ, ಒಂದನ್ನು ಕೂಡಿಸಬೇಕು. ಗೀರಿನ ಆಳ 0.1 ಮಿ.ಮೀ., ತುದಿಯ ತ್ರಿಜ್ಯ 0.001 ಮಿ.ಮೀ. ಎಂದಿಟ್ಟುಕೊಳ್ಳೋಣ. ಭಾಗಲಬ್ಧ 100, ಅದರ ವರ್ಗಮೂಲ 10. ಆದುದರಿಂದ ತುದಿಯಲ್ಲಿ ಎಳೆತವು 21 ಮಡಿಯಾಗುತ್ತದೆ. ಗೀರಿನ ಹರಿತವೇ ಅಪಾಯದ ಮೂಲವೆಂಬುದು ಇದರಿಂದ ಸ್ಪಷ್ಟ.

ಆದರೆ ಇಷ್ಟರಿಂದಲೇ ಗಾಜು ಒಡೆಯಲೇಬೇಕೆಂದಿಲ್ಲ. 1921ರಲ್ಲಿ ಪ್ರಕಟವಾದ ಲೇಖನದಲ್ಲಿ ಗ್ರಿಫಿತ್ ಎಂಬ ವಿಜ್ಞಾನಿಯು ಇನ್ನೊಂದು ಮಾತನ್ನು ಸೇರಿಸಿದನು. ಬಿರುಕು ಮುಂದುವರಿಯಲು ಹೊಸ ಮೈಗಳು ಹುಟ್ಟಬೇಕು. ಅದಕ್ಕೆ ಶಕ್ತಿ ವ್ಯಯವಾಗುತ್ತದೆ. ಬಾಗಿದ ಗಾಜಿನಲ್ಲಿ ಅಡಗಿದ ಶಕ್ತಿಯು ಈ ವ್ಯಯವನ್ನು ತುಂಬಿಕೊಡುವಷ್ಟು ಇದ್ದರೆ ಮಾತ್ರ ಬಿರುಕು ಓಡುತ್ತದೆ. ಇಲ್ಲವಾದರೆ ನಿಂತಲ್ಲೇ ನಿಲ್ಲುತ್ತದೆ. ಇದರ ಫಲವಾಗಿ, ಗೀರಿನ ಆಳವು ನಾಲ್ಕು ಮಡಿಯಾದರೆ ಗಾಜು ತಾಳುವ ಎಳೆತವು ಅರ್ಧಕ್ಕಿಳಿಯುತ್ತದೆ. ಸಾಮಾನ್ಯ ಗಾಜಿಗೆ ಇಂದು ತಿಳಿದಿರುವ ಬೆಲೆಗಳನ್ನು ಹಾಕಿದರೆ, 0.1 ಮಿ.ಮೀ. ಆಳದ ಉದ್ದ ಗೀರಿರುವ ಗಾಜು ಸುಮಾರು 38 ಮೆಗಾಪಾಸ್ಕಲ್ ಎಳೆತವನ್ನೂ, 1 ಮಿ.ಮೀ. ಆಳದ್ದು ಸುಮಾರು 12 ಮೆಗಾಪಾಸ್ಕಲನ್ನೂ ತಾಳುತ್ತದೆ. ನಮ್ಮ ತೊಟ್ಟಿಯಲ್ಲಿರುವುದು 4.5 ಮಾತ್ರ. ಹಾಗಾದರೆ ಎರಡೂ ನಿರಪಾಯವೇ?

ನೀರು ಮಾಡುವ ಮೆಲ್ಲನೆಯ ಕೆಲಸ

ಇಲ್ಲಿಯೇ ಅವಸರಪಡಬಾರದು. ಮೇಲಿನ ಲೆಕ್ಕವು ಕ್ಷಣಕಾಲದ ಭಾರಕ್ಕೆ ಸಂಬಂಧಿಸಿದ್ದು. ತೊಟ್ಟಿಯಾದರೋ ಹಗಲಿರುಳು, ವರ್ಷಾನುಗಟ್ಟಲೆ ಭಾರ ಹೊತ್ತಿರುತ್ತದೆ. ಎಳೆತದಲ್ಲಿರುವ ಬಿರುಕಿನ ತುದಿಗೆ ನೀರಿನ ಅಣುಗಳು ಹೊಕ್ಕು ಸಿಲಿಕಾನ್-ಆಮ್ಲಜನಕ ಬಂಧಗಳನ್ನು ಒಂದೊಂದಾಗಿ ಬಿಡಿಸುತ್ತವೆ. ಬಿರುಕು ಸದ್ದಿಲ್ಲದೆ ತೆವಳುತ್ತದೆ. ಸಾಕಷ್ಟು ಆಳಕ್ಕೆ ಇಳಿದ ದಿನ ಒಮ್ಮೆಲೆ ಓಡುತ್ತದೆ. “ಏನೂ ತಾಗದೆ ನಡುರಾತ್ರಿ ತಾನಾಗಿ ಒಡೆಯಿತು” ಎಂಬ ಮಾತಿಗೆ ಇದೂ ಒಂದು ಕಾರಣ. ಇದಕ್ಕೆ ತೊಟ್ಟಿಯೊಳಗಿನ ನೀರೇ ಬೇಕೆಂದಿಲ್ಲ. ಕರಾವಳಿಯ ಗಾಳಿಯಲ್ಲಿರುವ ತೇವವೇ ಸಾಕು.

ಸಾಮಾನ್ಯ ಗಾಜಿನಲ್ಲಿ ಈ ತೆವಳುವಿಕೆಯು, ಒಡನೆಯೇ ಒಡೆಯಲು ಬೇಕಾದ ಎಳೆತದ ಸುಮಾರು ಮೂರರಲ್ಲೊಂದು ಪಾಲಿನಲ್ಲಿ ತೊಡಗುತ್ತದೆ. ಈಗ ಲೆಕ್ಕವನ್ನು ಮತ್ತೆ ನೋಡೋಣ. 38ರ ಮೂರರಲ್ಲೊಂದು ಪಾಲು ಸುಮಾರು 13, ನಮ್ಮ 4.5 ಅದಕ್ಕಿಂತ ಬಹಳ ಕಡಮೆ. ಆದುದರಿಂದ 0.1 ಮಿ.ಮೀ. ಗೀರು ನಿಂತಲ್ಲೇ ಇರುತ್ತದೆ. 12ರ ಮೂರರಲ್ಲೊಂದು ಪಾಲು 4, ನಮ್ಮ 4.5 ಅದನ್ನು ಮೀರಿದೆ. ಎಂದರೆ 1 ಮಿ.ಮೀ. ಆಳದ ಗೀರು, ಎಳೆತ ಅತ್ಯಧಿಕವಾಗಿರುವೆಡೆಯಲ್ಲಿದ್ದರೆ, ತೆವಳಬಲ್ಲದು.

ಗೀರಿನ ದಿಕ್ಕು, ಗೀರಿನ ಸ್ಥಾನ

ಗಾಜಿನ ಅಂಗಡಿಯಲ್ಲಿ ಗಾಜು ಕತ್ತರಿಸುವುದನ್ನು ವಿದ್ಯಾರ್ಥಿಗಳು ನೋಡಿರಬಹುದು. ಕೆಲಸಗಾರನು ಗಾಜನ್ನು ನಿಜವಾಗಿ ಕತ್ತರಿಸುವುದಿಲ್ಲ. ಸಣ್ಣ ಚಕ್ರದಿಂದ ಒಂದು ಗೀರೆಳೆದು, ಗೀರು ಬಾಯಿ ತೆರೆಯುವಂತೆ ಬಗ್ಗಿಸುತ್ತಾನೆ. ಗಾಜು ಗೀರಿನ ಗುಂಟ ಸೀಳುತ್ತದೆ. ಗೀರು ಬಾಯಿ ಮುಚ್ಚುವಂತೆ ಬಗ್ಗಿಸಿದರೆ ಹಾಗಾಗದು. ಅದುಮಿಕೆಯಲ್ಲಿರುವ ಗೀರಿಗೆ ತೆರೆಯಲು ಅವಕಾಶವೇ ಇಲ್ಲ.

ತೊಟ್ಟಿಯ ಒಳಮೈಯ ಗೀರುಗಳಿಗೂ ಇದೇ ನ್ಯಾಯ. ಅವು ಹುಟ್ಟುವುದು ಸಾಮಾನ್ಯವಾಗಿ ತೊಳೆಯುವಾಗ, ಸ್ಪಂಜಿನ ಅಡಿಗೆ ಸಿಕ್ಕಿದ ಮರಳಿನಿಂದ. ಮರಳಿನ ಸ್ಫಟಿಕಶಿಲೆಯ ಕಾಠಿಣ್ಯವು ಮೋಸ್ ಮಾನದಲ್ಲಿ 7, ಗಾಜಿನದು ಸುಮಾರು 5.5. ಕಪ್ಪೆಚಿಪ್ಪಿನ ಚೂರು ಗಾಜಿಗಿಂತ ಮೃದು, ಅದು ಗೀರುವುದಿಲ್ಲ. ಮರವಂತೆಯ ದಂಡೆಯ ಒಂದು ಹಿಡಿ ಮರಳು ಗೀರಬಲ್ಲದು. ಈ ಗೀರುಗಳು ನೋಟಕ್ಕೆ ಕೆಡುಕೇ ಹೊರತು ಗಾಜಿನ ನಡುಭಾಗದಲ್ಲಿ ಬಲಕ್ಕೆ ಕೆಡುಕಲ್ಲ.

ಅಂಚಿನ ಚಕ್ಕೆಯ ವಿಚಾರ ಬೇರೆ. ಚಿಪ್ಪಿನ ಒಳಮೈಯಂತೆ ನುಣುಪಾಗಿ ಎದ್ದ ಚಕ್ಕೆಗೆ ಹರಿತವಾದ ತುದಿಯಿಲ್ಲ. ಅದು ಮೂಲೆಯ ಬಳಿ, ಎಳೆತ ಕಡಮೆಯಿರುವಲ್ಲಿ ಇದ್ದರೆ ಅಂಜಬೇಕಾಗಿಲ್ಲ. ಆದರೆ ಅದರಿಂದ ಕೂದಲೆಳೆಯಷ್ಟು ಬಿರುಕು ಹೊರಟಿದ್ದರೆ, ಅಥವಾ ಅದು ಮೇಲಂಚಿನ ನಟ್ಟನಡುವೆ ಇದ್ದರೆ, ತೊಟ್ಟಿಯನ್ನು ತುಂಬಬಾರದು. ಸಿಲಿಕೋನ್ ಅಂಟಿನ ಒಳಕ್ಕೆ ಚಾಚಿದ ಚಕ್ಕೆಯಿಂದ ನೀರು ಸೋರುವುದುಂಟು. ಕಾಯಿಸಿ ತಣಿಸಿ ಗಡಸುಗೊಳಿಸಿದ ಗಾಜಿಗೆ ಈ ಲೆಕ್ಕಗಳು ಸಲ್ಲವು. ಅದರ ಹೊರಪದರವು ಮೊದಲೇ ಅದುಮಿಕೆಯಲ್ಲಿರುವುದರಿಂದ ಸಣ್ಣ ಗೀರನ್ನು ಸಹಿಸುತ್ತದೆ. ಆ ಪದರವನ್ನು ದಾಟಿ ಗೀರು ಇಳಿದರೆ ಇಡೀ ಹಲಗೆ ಪುಡಿಯಾಗುತ್ತದೆ.

ತೀರ್ಮಾನ

ನಾವು ವಿದ್ಯಾರ್ಥಿಯ ಮನೆಗೆ ಹೋಗಿ ತೊಟ್ಟಿಯನ್ನು ಪರೀಕ್ಷಿಸಿದೆವು. ಒಳಗಿನ ಗೀರುಗಳ ಮೇಲೆ ಉಗುರು ಎಳೆದರೆ ಎಲ್ಲಿಯೂ ತಡೆಯಲಿಲ್ಲ. ಚಕ್ಕೆಯ ಸುತ್ತ ಭೂತಗನ್ನಡಿಯಲ್ಲಿ ಬಿರುಕು ಕಾಣಲಿಲ್ಲ. ಹೊರಗಿನ ಗೀರಿನಲ್ಲಿ ಮಾತ್ರ ಉಗುರು ಚೆನ್ನಾಗಿ ಸಿಕ್ಕಿತು. ಅದರ ಆಳವನ್ನು ಮನೆಯಲ್ಲಿ ನಿಖರವಾಗಿ ಅಳೆಯಲಾಗದು. ಅಳೆಯಲಾಗದ ಗೀರಿನ ಎದುರಿಗೆ ಮಕ್ಕಳನ್ನು ಮಲಗಿಸಲೂ ಆಗದು. ಅರ್ಧ ಮಟ್ಟಕ್ಕೆ ನೀರು ತುಂಬಿದರೆ ಒಟ್ಟು ನೂಕು ಕಾಲುಭಾಗಕ್ಕೆ ಇಳಿಯುತ್ತದೆಂದು ಹುಡುಗನು ತಾನೇ ಲೆಕ್ಕ ಮಾಡಿ ತೋರಿಸಿದನು. ಲೆಕ್ಕ ಸರಿ, ಆದರೆ ಒಂದು ದಿನ ಯಾರಾದರೂ ಮರೆತು ಪೂರ್ತಿ ತುಂಬಿಯಾರು. ಆದುದರಿಂದ ಆ ಒಂದು ಗಾಜನ್ನು ಬದಲಾಯಿಸುವುದೇ ಲೇಸೆಂದು ಹೇಳಿದೆವು. ಹೊಸ ಗಾಜು ಕೂಡಿಸಿ, ಅಂಟು ಒಣಗಿದ ಬಳಿಕ ಅಂಗಳದಲ್ಲಿ ಸಮತಟ್ಟಾದ ಹಲಗೆಯ ಮೇಲಿಟ್ಟು, ಹಲವು ದಿನ ನೀರು ತುಂಬಿ ನೋಡಿಯೇ ತೊಟ್ಟಿಯನ್ನು ಒಳಗೆ ಒಯ್ದರು.

ತೆಗೆದ ಗಾಜನ್ನು ನಾವು ಪ್ರಯೋಗಶಾಲೆಯಲ್ಲಿ ದಪ್ಪ ಬಟ್ಟೆಯಲ್ಲಿ ಸುತ್ತಿ, ಎರಡು ಕೋಲುಗಳ ಮೇಲೆ ಗೀರು ಕೆಳಗೆ ಬರುವಂತೆ ಇಟ್ಟು, ನಡುವೆ ಭಾರ ಏರಿಸಿದೆವು. ಒಡೆದ ಅಂಚನ್ನು ಬಿಡಿಸಿ ನೋಡಿದಾಗ ಒಂದೆಡೆ ಕನ್ನಡಿಯಂತೆ ನುಣುಪು, ಅದರಿಂದ ದೂರಕ್ಕೆ ಹೋದಂತೆ ಒರಟು. ಬಿರುಕು ನಿಧಾನವಾಗಿ ಹೊರಟ ಜಾಗ ನುಣುಪಾಗಿರುತ್ತದೆ, ವೇಗ ಪಡೆದ ಜಾಗ ಒರಟಾಗುತ್ತದೆ. ನುಣುಪಿನ ನಡುವೆ ಇದ್ದುದು ಆ ಗೀರೇ. ಒಡೆದ ಗಾಜು ಸಿಕ್ಕಿದಾಗ ವಾಚಕರೂ ಕೈಗೆ ಬಟ್ಟೆ ಸುತ್ತಿಕೊಂಡು ಅದರ ಅಂಚನ್ನು ಹೀಗೆ ಓದಬಹುದು.